ಆಟದ ಮೇಜು ಮತ್ತು ಅರಳಿಕಟ್ಟೆ

ಹೊರದೇಶದಲ್ಲಿರುವ ಮಕ್ಕಳನ್ನು ನಮ್ಮ ಕಡೆಯ ಹಿರಿಯರು ಫೋನಿನಲ್ಲಿ ವಿಚಾರಿಸುವುದು ಸಾಮಾನ್ಯವಾಗಿ ಮೂರು ಸಂಗತಿಗಳನ್ನು: ಕೆಲಸ ಹೇಗಿದೆ, ಊಟಕ್ಕೇನು ಮಾಡಿಕೊಂಡಿದ್ದೀಯ, ಊರಿಗೆ ಬರುವುದು ಯಾವಾಗ. ‘ಸಂಜೆ ಯಾರೊಡನೆ ಮಾತನಾಡುತ್ತೀಯ?’ ಎಂದು ಕೇಳುವವರು ವಿರಳ. ಮೊದಲು ಕೇಳಬೇಕಾದದ್ದು ಅದನ್ನೇ ಎಂಬುದು ನನ್ನ ಅಭಿಪ್ರಾಯ.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಎಂಜಿನಿಯರಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪ್ರತಿ ಗುರುವಾರ ಸಂಜೆ ಆಟದ ಅಂಗಡಿಯೊಂದಕ್ಕೆ ಹೋಗುತ್ತಾನೆ. ಮೂವತ್ತೈದು ದಾಟಿದವನು ದಾಳ ಉರುಳಿಸುತ್ತ ಕೂರುವುದೇ ಎಂದು ಅವನ ಬಂಧುಗಳು ನನ್ನಲ್ಲಿ ದೂರಿದರು. ಮೇಷ್ಟರಾದ ನೀವಾದರೂ ಬುದ್ಧಿ ಹೇಳಿ ಎಂದರು. ನಾನು ಅವನ ಪಕ್ಷವನ್ನೇ ವಹಿಸಿದ್ದೇನೆ. ಅದಕ್ಕೆ ಕಾರಣಗಳಿವೆ.

ಇದು ಮಕ್ಕಳ ಗೊಂಬೆಯಂಗಡಿಯಲ್ಲ. ಮುಂಭಾಗದಲ್ಲಿ ಪೆಟ್ಟಿಗೆಗಳಲ್ಲಿ ತುಂಬಿದ ಆಟಗಳು, ಚಿತ್ರದ ಎಲೆಗಳು, ಬಗೆಬಗೆಯ ದಾಳಗಳು ಮಾರಾಟಕ್ಕಿರುತ್ತವೆ. ಹಿಂಭಾಗದಲ್ಲಿ ಉದ್ದನೆಯ ಮೇಜುಗಳು. ವಾರದ ಇಂಥ ದಿನ ಇಂಥ ಆಟ ಎಂದು ಗೊತ್ತುಮಾಡಿರುತ್ತಾರೆ. ಹಲವೆಡೆ ಕೂರುವುದಕ್ಕೆ ಶುಲ್ಕವಿಲ್ಲ; ಆಡಲು ಬಂದವರು ಏನಾದರೂ ಕೊಳ್ಳುತ್ತಾರೆಂಬುದೇ ಅಂಗಡಿಯವರ ಲೆಕ್ಕ. ನಾಲ್ವರು ಬೇಕಾದ ಆಟಕ್ಕೆ ಮೂವರೇ ಇದ್ದರೆ, ಒಂಟಿಯಾಗಿ ಬಂದ ಅಪರಿಚಿತನನ್ನು ಅವರೇ ಕರೆದು ಕೂರಿಸುತ್ತಾರೆ.

ಆಟಗಳ ಸ್ವರೂಪವನ್ನೂ ಗಮನಿಸಬೇಕು. ಜರ್ಮನಿಯ ಕ್ಲಾಸ್ ಟ್ಯೂಬರ್ ರೂಪಿಸಿದ, 1995ರಲ್ಲಿ ಪ್ರಕಟವಾದ ‘ಕಟಾನ್’ ಆಟದಲ್ಲಿ ಮರ, ಇಟ್ಟಿಗೆ, ಉಣ್ಣೆ, ಧಾನ್ಯ, ಅದಿರುಗಳನ್ನು ಪರಸ್ಪರ ವಿನಿಮಯ ಮಾಡಿಕೊಳ್ಳಬೇಕು. ‘ಉಣ್ಣೆ ಕೊಡುತ್ತೇನೆ, ಇಟ್ಟಿಗೆ ಕೊಡುವೆಯಾ?’ ಎನ್ನುವಷ್ಟು ಇಂಗ್ಲಿಷ್ ಎಂಥ ಸಂಕೋಚದವನಿಗೂ ಬರುತ್ತದೆ; ಆಡುತ್ತ ಆಡುತ್ತ ಉಳಿದ ಮಾತೂ ಹೊರಡುತ್ತದೆ. 2008ರ ‘ಪ್ಯಾಂಡೆಮಿಕ್’ ಆಟದಲ್ಲಂತೂ ಎಲ್ಲರೂ ಒಟ್ಟಾಗಿ ರೋಗಗಳ ವಿರುದ್ಧ ಹೋರಾಡುತ್ತಾರೆ. ಗೆದ್ದರೆ ಎಲ್ಲರೂ ಗೆದ್ದಂತೆ, ಸೋತರೆ ಎಲ್ಲರೂ ಸೋತಂತೆ.

ನನ್ನ ವಿದ್ಯಾರ್ಥಿ ಆಡುವುದು ‘ಡಂಜನ್ಸ್ ಅಂಡ್ ಡ್ರಾಗನ್ಸ್’. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬುವರು 1974ರಲ್ಲಿ ಅದೇ ವಿಸ್ಕಾನ್ಸಿನ್‌ನ ಲೇಕ್ ಜಿನೀವಾ ಎಂಬ ಪುಟ್ಟ ಊರಿನಿಂದ ಹೊರತಂದ ಆಟವದು. ಒಬ್ಬನು ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರ ವಹಿಸಿ ಸಂದರ್ಭಕ್ಕೆ ತಕ್ಕಂತೆ ಮಾತು ಕಟ್ಟುತ್ತಾರೆ. ತಾಳಮದ್ದಳೆ ಕೇಳಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಭಾಗವತರ ಹಾಡಿಲ್ಲ, ಮದ್ದಳೆಯಿಲ್ಲ. ವೇಷವಿಲ್ಲದೆ ಕುಳಿತು ಮಾತಿನಲ್ಲೇ ಲೋಕವೊಂದನ್ನು ನಿರ್ಮಿಸುವ ಸುಖ ಮಾತ್ರ ಎರಡರಲ್ಲೂ ಇದೆ.

ಕನ್ನಡ ಕೂಟವಿಲ್ಲವೇ ಎಂದು ನೀವು ಕೇಳಬಹುದು. ಇದೆ, ಇರಲೇಬೇಕು. ಆದರೆ ಕೂಟ ಸೇರುವುದು ಯುಗಾದಿ, ದೀಪಾವಳಿ, ರಾಜ್ಯೋತ್ಸವಗಳಿಗೆ. ಅಲ್ಲಿ ಯಾವ ಕಂಪನಿ, ಮನೆ ಕೊಂಡಿರಾ, ಹಸಿರು ಕಾರ್ಡು ಬಂತೇ ಎಂಬ ಪ್ರಶ್ನೆಗಳು ತಪ್ಪಿದ್ದಲ್ಲ. ಆಟದ ಮೇಜಿನಲ್ಲಿ ಕೇಳುವುದು, ಈಗ ಯಾರ ಸರದಿ ಎಂದಷ್ಟೇ. ಅಮೆರಿಕದ ಸಮಾಜಶಾಸ್ತ್ರಜ್ಞ ರೇ ಓಲ್ಡನ್‌ಬರ್ಗ್ 1989ರ ತಮ್ಮ ಗ್ರಂಥದಲ್ಲಿ ಮನೆ, ಕಚೇರಿಗಳಾಚೆ ಜನ ಸಲೀಸಾಗಿ ಸೇರುವ ಇಂಥ ತಾಣವನ್ನು ‘ಮೂರನೆಯ ಜಾಗ’ ಎಂದು ಕರೆದರು. ನಮ್ಮ ಹಿರಿಯರಿಗೆ ಅದು ಅರಳಿಕಟ್ಟೆಯಾಗಿತ್ತು. ಕಟ್ಟೆಯ ಮೇಲೆ, ಗುಡಿಯ ಹಾಸುಗಲ್ಲಿನ ಮೇಲೆ ಕೊರೆದ ಹುಲಿ-ಕುರಿ ಆಟದ ಮನೆಗಳನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ.

ಜೂಜಿನ ಮಾತಿಗೆ ಬರೋಣ. ಧರ್ಮರಾಯನನ್ನು ಕೆಡಿಸಿದ್ದು ಪಣ. ಈ ಮೇಜುಗಳ ಮೇಲೆ ಪಣವಿಲ್ಲ. ಆದರೆ 1993ರಲ್ಲಿ ಆರಂಭವಾದ ‘ಮ್ಯಾಜಿಕ್’ನಂಥ ಆಟದ ಎಲೆಗಳನ್ನು ಒಳಗೇನಿದೆಯೆಂದು ತಿಳಿಯದ ಪೊಟ್ಟಣಗಳಲ್ಲಿ ಮಾರುತ್ತಾರೆ, ಅಪರೂಪದ ಎಲೆಯ ಆಸೆಗೆ ಕಿಸೆ ಬರಿದಾಗಬಹುದು. ಅಲ್ಲಿ ಎಚ್ಚರ ಬೇಕು.

ಎರಡು ವರ್ಷಗಳ ಹಿಂದಿನ ಜನವರಿಯಲ್ಲಿ ಆ ವಿದ್ಯಾರ್ಥಿಯ ತಂದೆ ತೀರಿಕೊಂಡರು. ಸುದ್ದಿ ತಲುಪಿದಾಗ ಅಲ್ಲಿ ರಾತ್ರಿ, ಹೊರಗೆ ಹಿಮ. ಟಿಕೆಟ್ ಹುಡುಕಿಕೊಟ್ಟವನು, ಪೆಟ್ಟಿಗೆ ಕಟ್ಟಿದವನು, ಇನ್ನೂರು ಕಿಲೋಮೀಟರ್ ದೂರದ ಶಿಕಾಗೋ ವಿಮಾನ ನಿಲ್ದಾಣಕ್ಕೆ ಕಾರು ನಡೆಸಿದವನು ಎಲ್ಲರೂ ಆ ಗುರುವಾರದ ಮೇಜಿನವರೇ. ಅವರಲ್ಲಿ ಒಬ್ಬನಿಗೂ ನಮ್ಮ ಊರಿನ ಹೆಸರನ್ನು ಸರಿಯಾಗಿ ಉಚ್ಚರಿಸಲು ಬಾರದು. ಮಗ ಸಂಸ್ಕಾರದ ಹೊತ್ತಿಗೆ ತಲುಪಲಾಗಲಿಲ್ಲ, ಆದರೆ ಮೂರನೆಯ ದಿನ ತಾಯಿಯ ಪಕ್ಕದಲ್ಲಿದ್ದ.

ಆದ್ದರಿಂದ ಬಂಧುಗಳಲ್ಲಿ ನನ್ನ ವಿನಂತಿ: ಗುರುವಾರ ಅವನು ಫೋನ್ ತೆಗೆಯದಿದ್ದರೆ ಬೇಸರಪಡಬೇಡಿ. ಪರಊರುಗಳಲ್ಲಿ ಒಂಟಿಯಾಗಿರುವ ನನ್ನ ಇತರ ವಿದ್ಯಾರ್ಥಿಗಳಿಗೂ ಇದೇ ಮಾತು. ನಿಮ್ಮೂರಿನಲ್ಲಿ ಇಂಥ ಅಂಗಡಿಯಿದ್ದರೆ ಒಂದು ಸಂಜೆ ಹೋಗಿ. ಮೊದಲ ದಿನ ಹೊಂದಿಕೆಯಾಗದಿದ್ದರೆ ಇನ್ನೊಂದು ವಾರ ಹೋಗಿ. ಚೌಕಾಬಾರದ ಬಟ್ಟೆಯನ್ನೂ ನಾಲ್ಕು ಕವಡೆಗಳನ್ನೂ ಜೊತೆಗೊಯ್ದು ಅವರಿಗೆ ಕಲಿಸಿದರೆ ನಿಮ್ಮ ಮೇಷ್ಟರಿಗೆ ಇನ್ನೂ ಸಂತೋಷ.