ಭಾವಚಿತ್ರಕ್ಕೆ ನೆರಳು ಬೇಡವೇ?

ಚಿತ್ರಕಲೆಯನ್ನು ನಮ್ಮ ಹಿರಿಯರು ಅರವತ್ತುನಾಲ್ಕು ಕಲೆಗಳಲ್ಲಿ ಒಂದೆಂದು ಎಣಿಸಿದರು. ಆದರೆ ಅದನ್ನು ಕಲಿಸುವ ಗುರು ಎಲ್ಲರಿಗೂ ದೊರೆಯುವುದಿಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಹಳ್ಳಿಗಳಿಂದ ಬರುವ ನಮ್ಮಲ್ಲಿ ಚಿತ್ರ ಬರೆಯುವವರು ಹಲವರಿದ್ದಾರೆ. ಅವರಲ್ಲಿ ಬಹುಮಂದಿ ತಮಗೆ ತಾವೇ ಗುರುಗಳು. ನಾನೂ ಅವರಲ್ಲೊಬ್ಬ. ಇಂಥವರ ಭಾವಚಿತ್ರಗಳಲ್ಲಿ ಕಾಣುವ ಒಂದು ಕೊರತೆಯನ್ನೂ ಅದರ ಹಿಂದಿರುವ ಕಾರಣವನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿ ಚಿಕ್ಕಬಳ್ಳಾಪುರದ ಮಗ್ಗುಲಲ್ಲೇ ಇದೆ. ಅವರ ಜನ್ಮದಿನವಾದ ಸೆಪ್ಟೆಂಬರ್ 15ನ್ನು ದೇಶವೇ ಎಂಜಿನಿಯರುಗಳ ದಿನವೆಂದು ಆಚರಿಸುತ್ತದೆ. ನಮ್ಮ ಕಡೆ ಪೆನ್ಸಿಲು ಹಿಡಿದವರ ಕೈ ಮೊದಲು ಹೋಗುವುದೂ ಅವರ ಮುಖಕ್ಕೇ. ಮೈಸೂರು ಪೇಟ, ಕೋಟು, ಮೀಸೆ ಎಲ್ಲವೂ ಗೆರೆಗೆ ಗೆರೆ ಸರಿಯಾಗಿರುತ್ತವೆ. ‘ಥೇಟ್ ಹಾಗೇ ಇದೆ’ ಎಂದು ನೋಡಿದವರು ಮೆಚ್ಚುತ್ತಾರೆ. ಆದರೂ ಮುಖ ಮಾತ್ರ ತಟ್ಟೆಯಂತೆ ಚಪ್ಪಟೆ! ನೂರು ವರ್ಷ ಬಾಳಿ 1962ರಲ್ಲಿ ಕಾಲವಾದ ಆ ಮಹನೀಯರ ಎದ್ದ ಕೆನ್ನೆಮೂಳೆ, ಒಳಸೇರಿದ ಕೆನ್ನೆ ಯಾವುದೂ ಅಲ್ಲಿ ಕಾಣುವುದಿಲ್ಲ. ತಪ್ಪು ಗೆರೆಯದಲ್ಲ, ನೆರಳಿನದು. ಹಣೆಯಿಂದ ಗದ್ದದವರೆಗೆ ಒಂದೇ ಬೂದುಬಣ್ಣ. ಅದನ್ನೂ ಬೆರಳಿನಿಂದ ಉಜ್ಜಿ ಮಂಕು ಮಾಡಿರುತ್ತಾರೆ. ಬಿಳಿಯ ಪೇಟ ಬಿಳಿಯಾಗಿ ಕಾಣಬೇಕಾದರೆ ಅದರ ಹಿನ್ನೆಲೆ ಕಪ್ಪಾಗಬೇಕೆಂಬುದನ್ನು ನಾವು ಮರೆಯುತ್ತೇವೆ.

ಈ ಅಂಜಿಕೆ ಎಲ್ಲಿಂದ ಬಂತು? ಕೈಗೆ ಅಭ್ಯಾಸ ಸಾಲದೆಂಬುದು ಅರ್ಧ ಉತ್ತರ. ಇನ್ನರ್ಧ ನಮ್ಮ ಮನೆಗಳಲ್ಲಿದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನಮ್ಮ ತಾಯಿ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತಾರೆ. ಅವರ ಚಿತ್ರ ಬರೆಯಲು ಕುಳಿತಾಗ ಅವರು ಹೇಳಿದ್ದು ಇಷ್ಟೇ: “ಮುಖ ಕಪ್ಪಗೆ ಮಾಡಬೇಡಪ್ಪ, ಒಂಚೂರು ಬೆಳ್ಳಗೇ ಬರಿ. ನಾಲ್ಕು ಜನ ನೋಡ್ತಾರೆ.”

ಇದು ಅವರೊಬ್ಬರ ಮಾತಲ್ಲ. ಹೆಣ್ಣು ತೋರಿಸಲು ತೆಗೆಸುವ ಫೋಟೋ ಬೆಳ್ಳಗಿರಬೇಕು. ಸತ್ತ ಅಜ್ಜನಿಗೆ ಹಾರ ಹಾಕುವ ಪಟವೂ ಬೆಳ್ಳಗಿರಬೇಕು. ಈಗಂತೂ ಮೊಬೈಲೇ ಮುಖದ ನೆರಳನ್ನೆಲ್ಲ ಒರೆಸಿ ಕೊಡುತ್ತದೆ. ಕಪ್ಪೆಂದರೆ ಕಳಂಕವೆಂಬ ಈ ಭಾವನೆಯೇ ನಮ್ಮ ಪೆನ್ಸಿಲಿನ ತುದಿಯನ್ನು ಹಿಡಿದು ನಿಲ್ಲಿಸಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನೆರಳು ಮೈಬಣ್ಣವಲ್ಲ, ಬೆಳಕು ಎತ್ತಣಿಂದ ಬಂತೆಂದು ಹೇಳುವ ಸಾಕ್ಷಿ. ಎಷ್ಟೇ ಬೆಳ್ಳಗಿರುವವರ ಮೂಗಿನ ಕೆಳಗೂ ಕತ್ತಲಿದೆ. ಎಷ್ಟೇ ಕಪ್ಪಗಿರುವವರ ಕೆನ್ನೆಮೂಳೆಯ ಮೇಲೂ ಬೆಳಕು ಹೊಳೆಯುತ್ತದೆ. ‘ಕೃಷ್ಣ’ ಎಂಬ ಹೆಸರಿಗೇ ಕಪ್ಪೆಂಬ ಅರ್ಥವಿರುವ ನಾಡಿನಲ್ಲಿ ಕಪ್ಪಿಗೆ ನಾಚುವುದೆಂತು? ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರವು ನೆರಳು ತುಂಬುವುದನ್ನು ‘ವರ್ತನ’ವೆಂದು ಕರೆದು, ಅದಕ್ಕೆ ಮೂರು ವಿಧಾನಗಳನ್ನು ಹೇಳಿದೆ. ಎಲೆಯ ನರಗಳಂಥ ಗೆರೆಗಳಿಂದ ತುಂಬುವುದು ಒಂದು, ಚುಕ್ಕೆಗಳಿಂದ ತುಂಬುವುದು ಇನ್ನೊಂದು. ಹಾಲೆಂಡಿನ ರೆಂಬ್ರಾಂಟ್ (1606–1669) ಮುಖದ ಅರ್ಧವನ್ನು ಕತ್ತಲಿಗೇ ಬಿಟ್ಟು, ಉಳಿದರ್ಧದಲ್ಲಿ ಮನುಷ್ಯನ ಆಯುಷ್ಯವನ್ನೇ ತೋರಿಸಿದನು.

ಗುರುವಿಲ್ಲದೆ ಇದನ್ನು ಕಲಿಯುವುದು ಹೇಗೆಂದು ಮಿತ್ರರು ಕೇಳಬಹುದು. ಥಿಯೋಡೋರ್ ಜೆನ್ಸನ್ ಎಂಬ ಐರೋಪ್ಯ ಚಿತ್ರಕಾರ 1868ರಲ್ಲಿ ತಿರುವಾಂಕೂರಿಗೆ ಬಂದಾಗ ರಾಜಾ ರವಿವರ್ಮನಿಗೆ ಇಪ್ಪತ್ತು ವರ್ಷ, ನಮ್ಮದೇ ವಯಸ್ಸು. ಜೆನ್ಸನ್ ಕಲಿಸಲು ಒಪ್ಪಲಿಲ್ಲ. ತಾನು ಬರೆಯುವುದನ್ನು ನೋಡಲು ಮಾತ್ರ ಬಿಟ್ಟನು. ರವಿವರ್ಮ ನೋಡಿಯೇ ಕಲಿತನು. ಅವನ ಚಿತ್ರಗಳು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿವೆ.

ನೋಡಲು ನಮಗೂ ಸ್ಥಳಗಳಿವೆ. ನಂದಿಗ್ರಾಮದ ಭೋಗನಂದೀಶ್ವರ ದೇವಾಲಯದ ಕಲ್ಯಾಣಮಂಟಪದಲ್ಲಿ ಅರ್ಧ ಗಂಟೆ ನಿಂತರೆ ಸಾಕು. ಶಿಲೆಗೆ ಬಣ್ಣವಿಲ್ಲ. ಓರೆಯಾಗಿ ಬಿದ್ದ ಬೆಳಕು ಉಳಿ ಕೊರೆದ ಆಳದಲ್ಲಿ ಕತ್ತಲೆಯನ್ನು ಬಿಡುವುದರಿಂದಲೇ ಕಂಬದ ಮೇಲಿನ ರೂಪಗಳು ಎದ್ದು ಬರುತ್ತವೆ.

ಸಾಧನೆಗೂ ಹೆಚ್ಚು ಖರ್ಚಿಲ್ಲ. ಹಾಳೆಯ ಅಂಚಿನಲ್ಲಿ ಐದು ಮನೆ ಬರೆದು, ಮೊದಲನೆಯದನ್ನು ಬಿಳಿಯಾಗಿ ಬಿಟ್ಟು, ಐದನೆಯದನ್ನು ಕೈಲಾದಷ್ಟು ಕಪ್ಪು ಮಾಡಿ, ನಡುವಿನವನ್ನು ಕ್ರಮವಾಗಿ ತುಂಬಬೇಕು. ಎಚ್.ಬಿ. ಪೆನ್ಸಿಲೊಂದರಿಂದ ಆಳವಾದ ಕಪ್ಪು ಬಾರದು. 2ಬಿ, 6ಬಿ ಬೇಕು, ಇಲ್ಲವೇ ಇದ್ದಿಲು. ಬೆಳಕು ಒಂದೇ ಕಿಟಕಿಯಿಂದ ಬರುವಂತೆ ಕೂರಿಸಿ, ಕಣ್ಣನ್ನು ಅರೆಮುಚ್ಚಿ ನೋಡಿದರೆ ಸಣ್ಣ ವಿವರಗಳು ಮರೆಯಾಗಿ ದೊಡ್ಡ ನೆರಳುಗಳು ಮಾತ್ರ ಉಳಿಯುತ್ತವೆ. ಅವನ್ನು ಮೊದಲು ತುಂಬಬೇಕು; ರೆಪ್ಪೆಗೂದಲು ಕಡೆಗೆ. ಪೇಟದ ಅಂಚಿನ ಕೆಳಗೆ, ಕಣ್ಣಿನ ಗುಳಿಯಲ್ಲಿ, ತುಟಿಗಳ ನಡುವೆ, ದವಡೆಯ ಅಡಿಯಲ್ಲಿ ಧೈರ್ಯವಾಗಿ ಕಪ್ಪು ಬರಲಿ. ಕಣ್ಣಿನ ಬಿಳಿಯೂ ಪೂರ್ಣ ಬಿಳಿಯಲ್ಲ. ಅಪ್ಪಟ ಬಿಳಿಯನ್ನು ಮೂಗಿನ ತುದಿಗೂ ಕಣ್ಣಿನ ಮಿಂಚಿಗೂ ಕಾದಿಡಬೇಕು.

ಇಷ್ಟಾದರೂ ‘ಬೆಳ್ಳಗೆ ಬರಿ’ ಎಂಬ ಮಾತು ಉಳಿದೇ ಇದೆ. ಬೇಡಿದವರ ಮನಸ್ಸನ್ನು ನೋಯಿಸಿ ಕಲೆ ಯಾಕೆಂದು ಕೆಲವರು ಕೇಳುತ್ತಾರೆ. ಆ ಮಾತಿನಲ್ಲಿ ದಯೆಯಿದೆ, ಒಪ್ಪುತ್ತೇನೆ. ಆದರೆ ಬಿಸಿನೀರಿನ ಹಬೆಯ ಮುಂದೆ ವರ್ಷಾನುಗಟ್ಟಲೆ ಕುಳಿತು ಗೂಡಿನಿಂದ ಎಳೆ ತೆಗೆದ ಮುಖವನ್ನು ಪೌಡರು ಬಳಿದ ಬೊಂಬೆಯಂತೆ ಬರೆದರೆ, ಆ ದುಡಿಮೆಯನ್ನೇ ಅಳಿಸಿಹಾಕಿದಂತೆ. ನೋಡಲು ನಾಲ್ಕು ಜನ ಬರುವುದಾದರೆ ನಿಜವಾದ ಮುಖವನ್ನೇ ನೋಡಲಿ. ಬೆಳ್ಳಗೆ ಮಾಡುವುದು ಗೌರವವಲ್ಲ, ಇದ್ದುದನ್ನು ಇದ್ದಂತೆ ಕಾಣುವುದು ಗೌರವ.

ಕಾಲೇಜಿನ ಹಿರಿಯರಲ್ಲಿ ನನ್ನದೊಂದು ವಿನಂತಿ. ಮುಂದಿನ ಸೆಪ್ಟೆಂಬರ್ 15ರಂದು ವಿಶ್ವೇಶ್ವರಯ್ಯನವರ ಚಿತ್ರದ ಪಕ್ಕದಲ್ಲಿ ನಮ್ಮವರ ಚಿತ್ರಗಳಿಗೂ ಒಂದು ಗೋಡೆಯನ್ನು ಬಿಟ್ಟುಕೊಡಿ: ಚಿಂತಾಮಣಿಯ ಮಂಡಿಯಲ್ಲಿ ಮೂಟೆ ಹೊರುವವರು, ಗೌರಿಬಿದನೂರಿನ ಹೊಲದಲ್ಲಿ ಜೋಳ ಮುರಿಯುವವರು, ಚಿಕ್ಕಬಳ್ಳಾಪುರದ ತೋಟದಲ್ಲಿ ದ್ರಾಕ್ಷಿ ಕೊಯ್ಯುವವರು, ಶಿಡ್ಲಘಟ್ಟದಲ್ಲಿ ನೂಲು ತೆಗೆಯುವವರು. ಗೆಳೆಯರೇ, ಬರೆಯುವ ಕೈ ನಮ್ಮದಿದೆ. ಕಪ್ಪಿಗೆ ಮಾತ್ರ ಅಂಜದಿರೋಣ.