ಕಣ್ಣೀರಿಲ್ಲದ ಅತಿಥಿ



ಕಳೆದ ಯುಗಾದಿ ಊಟದಲ್ಲಿ ಹೋಳಿಗೆ ಬಡಿಸುತ್ತಿದ್ದಾಗ ಸ್ನೇಹಿತರೊಬ್ಬರು ಕೇಳಿದರು: "ಅಲ್ಲ ಕಣ್ರೀ, ಯಾರೋ ಬಿಟ್ಟ ಮುದಿ ನಾಯಿಯ ಕಣ್ಣಿಗೆ ದುಡ್ಡು ಸುರೀತಾ ಇದ್ದೀರಂತೆ? ಅದನ್ನೇ ಊರಿಗೆ ಕಳಿಸಿದ್ರೆ ಎಷ್ಟು ಜನ ಬಡವರಿಗೆ ಕಣ್ಣು ಬರ್ತಿತ್ತು!" ಸುತ್ತಲಿದ್ದವರು ನಕ್ಕರು, ನಾನೂ ನಕ್ಕೆ. ಆದರೆ ಮನೆಗೆ ಬಂದ ಮೇಲೂ ಆ ಮಾತು ಕೊರೆಯುತ್ತಲೇ ಇತ್ತು. ಅವರ ಪ್ರಶ್ನೆ ತಪ್ಪಲ್ಲ. ಅಂದು ಕೊಡಲಾಗದ ಉತ್ತರವನ್ನು ಇಂದು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮಲ್ಲಿ ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್ ಜಾತಿಯ ಹೆಣ್ಣುನಾಯಿ. ಏಳು ವರ್ಷ ಇರಬಹುದು ಎಂದರು ವೆಟ್. ಮರಿ ಹಾಕಿಸುವುದಕ್ಕೆಂದೇ ಶೆಡ್ಡಿನಲ್ಲಿ ಕೂಡಿಹಾಕಿದ್ದ ಜೀವ. ಇಲ್ಲಿ ಇಂಗ್ಲೆಂಡಿನಲ್ಲಿ ಇಂಥ ಜಾಗಕ್ಕೆ ಪಪ್ಪಿ ಫಾರ್ಮ್ ಅನ್ನುತ್ತಾರೆ. ನಾಯಿಗಳನ್ನು ಬಿಡಿಸಿ ತರುವ ಒಂದು ಸಣ್ಣ ಸಂಸ್ಥೆ ಅವಳನ್ನು ನಮ್ಮಲ್ಲಿ ಫಾಸ್ಟರ್‌ಗೆ ಬಿಟ್ಟಿತು. ಫಾಸ್ಟರ್ ಎಂದರೆ ಶಾಶ್ವತವಾದ ಮನೆ ಸಿಗುವವರೆಗೆ ನಮ್ಮ ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವುದು, ಅಷ್ಟೇ. ಮೊದಲ ದಿನ ಹಿತ್ತಲ ಬಾಗಿಲು ತೆಗೆದರೆ ಹುಲ್ಲಿನ ಮೇಲೆ ಕಾಲಿಡಲು ಹೆದರಿ ಹೊಸ್ತಿಲಲ್ಲೇ ನಿಂತಿದ್ದಳು!

ಕಣ್ಣುಗಳಲ್ಲಿ ಅಂಟಂಟಾದ ಪಿಸುರು. ವೆಟ್ ಕೆಳರೆಪ್ಪೆಯೊಳಗೆ ಕಾಗದದ ಸಣ್ಣ ಪಟ್ಟಿಯನ್ನು ಒಂದು ನಿಮಿಷ ಇಟ್ಟರು. ಆರೋಗ್ಯವಾಗಿರುವ ನಾಯಿಯಲ್ಲಿ ಆ ಪಟ್ಟಿ 15 ಮಿಲಿಮೀಟರ್‌ ಅಥವಾ ಅದಕ್ಕಿಂತ ಹೆಚ್ಚು ಒದ್ದೆಯಾಗಬೇಕು. ಮಲ್ಲಿಯದು ಎರಡಕ್ಕೇ ನಿಂತಿತು. ಇದು ಡ್ರೈ ಐ, ಅಂದರೆ ಒಣಗಣ್ಣು. ಹೆಚ್ಚಿನ ನಾಯಿಗಳಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಕಣ್ಣೀರಿನ ಗ್ರಂಥಿಯನ್ನು ಹಾಳುಮಾಡುತ್ತದೆ. ಕ್ಯಾವಲಿಯರ್ ಜಾತಿಯಲ್ಲಿ ಇದು ಹೆಚ್ಚು. ಬೇಗ ಗುರುತಿಸಿ ಸೈಕ್ಲೋಸ್ಪೋರಿನ್ ಮುಲಾಮು ಹಚ್ಚುತ್ತಾ ಬಂದರೆ ಹೆಚ್ಚಿನವುಗಳಿಗೆ ಗುಣ ಕಾಣುತ್ತದೆ, ಆದರೆ ಅದನ್ನು ಜೀವನಪೂರ್ತಿ ಹಚ್ಚಬೇಕು. ಮಲ್ಲಿಗೆ ಯಾರೂ ಹಚ್ಚಿರಲಿಲ್ಲ. ಎಡಗಣ್ಣಿನಲ್ಲಿ ಹುಣ್ಣಾಗಿ ಅದನ್ನು ತೆಗೆಯಲೇಬೇಕಾಯಿತು.

ದಾವಣಗೆರೆಯಿಂದ ಬಂದಿದ್ದ ನಮ್ಮತ್ತೆ ಮೊದಲ ವಾರ "ದೇವರ ಮನೆ ಹತ್ರ ಬಿಡಬೇಡ ನೋಡು" ಎಂದು ಕಾವಲು ಕಾಯುತ್ತಿದ್ದರು. ರೋಗದ ವಿಷಯ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟು ಸಲ ಹೆತ್ತು, ಮರಿ ಕಿತ್ಕೊಂಡಾಗ ಅಳಾಕೂ ನೀರಿರ್ಲಿಲ್ವೇನಮ್ಮಾ ಇದಕ್ಕೆ?" ಎಂದರು. ಮರುದಿನದಿಂದ ಬೆಳಗಿನ ಮುಲಾಮು ಅವರದೇ ಪಾಳಿ.

ಈಗ ಆ ಸ್ನೇಹಿತರ ಪ್ರಶ್ನೆಗೆ ಬರೋಣ. ನಮ್ಮ ತಾತನಿಗೆ ಕಣ್ಣಿನ ಪೊರೆ ತೆಗೆದದ್ದು ಡಾ. ಎಂ. ಸಿ. ಮೋದಿಯವರ ಉಚಿತ ಶಿಬಿರದಲ್ಲಿ. ಆ ಋಣ ನೆನೆದು ಊರಿನ ಕಣ್ಣಿನ ಆಸ್ಪತ್ರೆಗೆ ವರ್ಷಕ್ಕೊಮ್ಮೆ ಕಳಿಸುವ ಹಣ ಒಂದು ಪೌಂಡೂ ಕಡಿಮೆಯಾಗಿಲ್ಲ. ಮಲ್ಲಿಯ ಖರ್ಚು ಬಂದಿರುವುದು ನಮ್ಮ ರಜೆಯ ಪ್ರವಾಸದ ದುಡ್ಡಿನಿಂದ. ಪ್ರವಾಸ ಹೋಗಿದ್ದರೆ ಯಾರೂ ಲೆಕ್ಕ ಕೇಳುತ್ತಿರಲಿಲ್ಲ, ಅಲ್ಲವೇ?

ಇನ್ನೊಂದು ಮಾತು, ಇದನ್ನು ಹೇಳಲು ನಾಚಿಕೆಯಾಗುತ್ತದೆ. 2014ರಲ್ಲಿ ಮಗಳ ಹುಟ್ಟುಹಬ್ಬಕ್ಕೆಂದು ನಾವೂ ಒಂದು ಕ್ಯಾವಲಿಯರ್ ಮರಿ ಕೊಂಡಿದ್ದೆವು. ಜಾಹೀರಾತು ನೋಡಿ, ಮೋಟರ್‌ವೇ ಪಕ್ಕದ ಕಾರ್ ಪಾರ್ಕಿನಲ್ಲಿ, ನಗದು ಕೊಟ್ಟು! ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಿದೆವು. ಇದರ ತಾಯಿ ಎಲ್ಲಿದೆ ಎಂದು ಒಂದು ಮಾತು ಕೇಳಲಿಲ್ಲ. ಆ ತಾಯಿಯೂ ಮಲ್ಲಿಯಂತೆ ಯಾವ ಶೆಡ್ಡಿನಲ್ಲಿತ್ತೋ! ಹಾಗಾಗಿ ನನ್ನ ಮಟ್ಟಿಗೆ ಇದು ದಾನವಲ್ಲ, ಹಳೆಯ ಸಾಲದ ಕಂತು.

ಈಗ ಕಾನೂನು ಬದಲಾಗಿದೆ. 2013ರಲ್ಲಿ ವೇಲ್ಸಿನ ಪಪ್ಪಿ ಫಾರ್ಮಿನಿಂದ ಪಾರಾದ ಲೂಸಿ ಎಂಬ ಕ್ಯಾವಲಿಯರ್ ಹೆಸರಿನಲ್ಲಿ ಬಂದ ‘ಲೂಸೀಸ್ ಲಾ’ 2020ರ ಏಪ್ರಿಲ್ 6ರಿಂದ ಇಂಗ್ಲೆಂಡಿನಲ್ಲಿ ಜಾರಿಯಲ್ಲಿದೆ. ಆರು ತಿಂಗಳೊಳಗಿನ ಮರಿಯನ್ನು ಮಧ್ಯವರ್ತಿಗಳು ಮಾರುವಂತಿಲ್ಲ. ಸಾಕಿದವರಿಂದಲೇ, ತಾಯಿಯ ಜೊತೆ ನೋಡಿ ಕೊಳ್ಳಬೇಕು, ಇಲ್ಲವೇ ರೆಸ್ಕ್ಯೂ ಕೇಂದ್ರದಿಂದ ತರಬೇಕು. ಆದರೆ ಬೇರೊಂದು ನಾಯಿಯನ್ನೇ ತಾಯಿ ಎಂದು ತೋರಿಸುವ ಖದೀಮರೂ ಇದ್ದಾರೆ. ಕೊಳ್ಳುವವರು ಕಣ್ಣು ಮುಚ್ಚಿದರೆ ಕಾನೂನು ಏನು ಮಾಡೀತು?

ಆದ್ದರಿಂದ ನನ್ನ ವಿನಂತಿ ಇಷ್ಟೇ. ಮಕ್ಕಳು ಮರಿಗಾಗಿ ಹಟ ಹಿಡಿದರೆ ಮೊದಲು ಫಾಸ್ಟರ್ ಮಾಡಿ ನೋಡಿ. ಸಾಮಾನ್ಯವಾಗಿ ವೆಟ್ ಖರ್ಚನ್ನು ಸಂಸ್ಥೆಯೇ ಭರಿಸುತ್ತದೆ, ಆದರೂ ಮೊದಲೇ ಕೇಳಿ ತಿಳಿದುಕೊಳ್ಳಿ. ನಾಯಿ ಸಾಕಲು ಆಗದವರು ಹಣ ಕೊಡಿ. ಮೊದಲೇ ಇದ್ದ ಕಾಯಿಲೆಗೆ ಇನ್ಶೂರೆನ್ಸ್ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ, ಹೀಗಾಗಿ ಇಂಥ ಕಣ್ಣುಗಳ ಭಾರವೆಲ್ಲ ದಾನಿಗಳ ಮೇಲೇ. ಸಂಸ್ಥೆ ನೋಂದಾಯಿತ ಚಾರಿಟಿಯಾಗಿದ್ದು, ತೆರಿಗೆ ಕಟ್ಟುವ ನೀವು ಗಿಫ್ಟ್ ಏಡ್‌ಗೆ ಒಪ್ಪಿಗೆ ಕೊಟ್ಟರೆ ನಿಮ್ಮ ಪ್ರತಿ ಪೌಂಡಿಗೆ ಸರ್ಕಾರದಿಂದ 25 ಪೆನ್ಸ್ ಸೇರುತ್ತದೆ.

ಮಲ್ಲಿಯ ಬಲಗಣ್ಣು ಉಳಿದಿದೆ. ಮೊನ್ನೆಯ ಪರೀಕ್ಷೆಯಲ್ಲಿ ಪಟ್ಟಿ 11ರವರೆಗೆ ಒದ್ದೆಯಾಯಿತು. ಫೋನಿನಲ್ಲಿ ಹೇಳಿದೆ. ಆ ಕಡೆ ದಾವಣಗೆರೆಯಲ್ಲಿ ನಮ್ಮತ್ತೆಯ ಕಣ್ಣೂ ಒದ್ದೆಯಾಗಿತ್ತು ಅಂತ ಕಾಣುತ್ತದೆ.