ಯಾರಿಗೆ ಫೋನ್ ಮಾಡಬೇಕು?

ಕಳೆದ ತಿಂಗಳು ನಮ್ಮೂರ ಪಂಚಾಯ್ತಿ ಕಚೇರಿಯ ಇಂಟರ್ನೆಟ್ ನಿಂತುಹೋಯಿತು. ಕೇಬಲ್ ಎಳೆದವರು ಒಬ್ಬರು, ಪೆಟ್ಟಿಗೆ ಕೂರಿಸಿದವರು ಇನ್ನೊಬ್ಬರು, ಸಂಪರ್ಕ ಕೊಡುವವರು ಮತ್ತೊಬ್ಬರು. ಮೂರೂ ಕಡೆ ಫೋನ್ ಮಾಡಿದೆ. ಮೂವರದೂ ಒಂದೇ ಉತ್ತರ: 'ನಮ್ಮ ಕಡೆ ಎಲ್ಲ ಸರಿ ಇದೆ.'

ಇಂಥದ್ದಕ್ಕೆಲ್ಲ ಆಟೊಮೇಷನ್ ಮದ್ದು ಎನ್ನುತ್ತಾರೆ. ಎಲ್ಲರ ಜಾಲವನ್ನೂ ಒಂದೇ ಸಾಫ್ಟ್‌ವೇರಿನ ಕೈಗೆ ಕೊಟ್ಟುಬಿಡಿ ಎಂಬ ಮಾತು. ನಾನಿದನ್ನು ಒಪ್ಪುವುದಿಲ್ಲ. ತನ್ನ ಯಂತ್ರದ ಹಿಡಿತವನ್ನು ಪಕ್ಕದ ಸಂಸ್ಥೆಗೆ ಯಾರು ತಾನೇ ಬಿಟ್ಟುಕೊಡುತ್ತಾರೆ?

ಬಿಟ್ಟುಕೊಡಬೇಕಾಗಿಯೂ ಇಲ್ಲ. ವಿಶ್ವವಿದ್ಯಾಲಯಗಳ ವೈಫೈ ಒಕ್ಕೂಟ 'ಎಜುರೋಮ್' ನೋಡಿ. 2002ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದ ಯೋಚನೆ ಈಗ ನೂರಕ್ಕೂ ಹೆಚ್ಚು ದೇಶಗಳಲ್ಲಿದೆ. ಭಾರತದಲ್ಲಿ ಅರ್ನೆಟ್ ನೋಡಿಕೊಳ್ಳುತ್ತದೆ. ವಿದ್ಯಾರ್ಥಿ ಬೇರೆ ಕ್ಯಾಂಪಸ್ಸಿಗೆ ಹೋದರೆ ಅವನ ಲ್ಯಾಪ್‌ಟಾಪ್ ತಾನಾಗಿ ವೈಫೈ ಸೇರುತ್ತದೆ. ಅತಿಥೇಯ ಕಾಲೇಜಿಗೆ ಅವನ ಪಾಸ್‌ವರ್ಡ್ ಕಾಣುವುದಿಲ್ಲ. ಯೂಸರ್‌ನೇಮಿನಲ್ಲಿರುವ ಕಾಲೇಜಿನ ವಿಳಾಸ ಹಿಡಿದು, ನಡುವಿನ ಸರ್ವರ್‌ಗಳ ಮೂಲಕ ಪ್ರಶ್ನೆ ಅವನ ಸ್ವಂತ ಕಾಲೇಜಿಗೆ ಹೋಗುತ್ತದೆ; 'ಹೌದು, ನಮ್ಮವನೇ' ಎಂದು ಅಲ್ಲಿಂದ ಉತ್ತರ ಬರುತ್ತದೆ. ಯಾರೂ ಯಾರಿಗೂ ತಮ್ಮ ಹಾಜರಿ ಪುಸ್ತಕ ಒಪ್ಪಿಸಿಲ್ಲ. ಕೇಳುವ ಭಾಷೆ, ಉತ್ತರಿಸುವ ಭಾಷೆ ಇಷ್ಟನ್ನೇ ಒಪ್ಪಿಕೊಂಡಿದ್ದಾರೆ.

ಇನ್ನೊಂದು ಒಪ್ಪಂದವೂ ಇದೆ, ನನಗೆ ಅದೇ ಮುಖ್ಯ. ಲಾಗಿನ್ ಆಗದಿದ್ದರೆ, ತಪ್ಪು ಎಲ್ಲಿಯದೇ ಇರಲಿ, ವಿದ್ಯಾರ್ಥಿ ಮೊದಲು ಕೇಳಬೇಕಾದ್ದು ತನ್ನ ಕಾಲೇಜನ್ನೇ. ಇದು ಸಾಫ್ಟ್‌ವೇರ್ ಅಲ್ಲ, ಕಾಗದದ ಮೇಲಿನ ಸಾಲು.

ನಮ್ಮ ಪಂಚಾಯ್ತಿಯ ಸಂಪರ್ಕ ನಾಲ್ಕನೇ ದಿನ ಬಂತು. ಯಾರು ಸರಿಮಾಡಿದರೋ ಇವತ್ತಿಗೂ ಗೊತ್ತಾಗಿಲ್ಲ.